ಕುಂಕುಮ ದೋಷ

ಹುಬ್ಬಳ್ಳಿಯಲ್ಲಿ ಹೊಸ ಕಾರು ಕೊಂಡವರು ಅದನ್ನು ಮೊದಲು ಮಠಕ್ಕೆ ಒಯ್ಯುತ್ತಾರೆ, ಆಮೇಲೆ ಬೀಗರ ಮನೆಗೆ, ಅಲ್ಲಿಂದ ಪುರುಸೊತ್ತಾದರೆ ವಿಮೆ ಕಚೇರಿಗೆ. ನಾಡಿಚಕ್ರ ಬಂದ ಮೇಲೂ ಈ ಕ್ರಮ ಬದಲಾಗಲಿಲ್ಲ. ಬದಲಾದದ್ದು ಕಾರಿಗೆ ಹಚ್ಚುವ ವಿಭೂತಿ, ಕುಂಕುಮದ ಪ್ರಮಾಣ ಮಾತ್ರ.

ನಾಡಿಚಕ್ರವೆಂದರೆ ಬೇರೇನಲ್ಲ, ಸ್ಟೇರಿಂಗೇ. ಅದರ ಮೇಲಿನ ಹೊದಿಕೆಯೊಳಗೆ ಕೂದಲಿಗಿಂತ ತೆಳುವಾದ ತಂತಿಗಳ ಬಲೆ ಇರುತ್ತದೆ. ಹಿಡಿದವರ ಅಂಗೈಯ ನಾಡಿ, ಬೆವರು, ಬೆರಳಿನ ಬಿಗಿ, ನಡುಕ ಎಲ್ಲವನ್ನೂ ಅದು ಆಲಿಸುತ್ತದೆ. ಚಾಲಕನ ಎದೆ ಹಿಡಿದುಕೊಂಡರೆ, ಸಕ್ಕರೆ ಇಳಿದು ಕಣ್ಣಿಗೆ ಕತ್ತಲೆ ಬಂದರೆ, ಅವನಿಗಿಂತ ಮೊದಲೇ ಚಕ್ರಕ್ಕೆ ಗೊತ್ತಾಗುತ್ತದೆ. ಕಾರು ತಾನೇ ವೇಗ ಇಳಿಸಿ ರಸ್ತೆಯ ಬದಿಗೆ ಬಂದು ನಿಲ್ಲುತ್ತದೆ. ಆದರೆ ಇಂಥ ಕಾಯಿಲೆ ಇದೆ ಎಂದು ಅದಕ್ಕೆ ಮೊದಲೇ ಹೇಳಿರಬೇಕು. ಹೇಳದಿದ್ದರೆ ಅದು ಸುಮ್ಮನೆ ಕೇಳಿಸಿಕೊಂಡು ಕಂಪನಿಗೆ ಸುದ್ದಿ ಮುಟ್ಟಿಸುತ್ತದೆಯೇ ಹೊರತು ಕಾರಿನ ಹಿಡಿತ ತೆಗೆದುಕೊಳ್ಳುವುದಿಲ್ಲ. ಒಪ್ಪಿಗೆಯಿಲ್ಲದೆ ಯಂತ್ರವು ಮನುಷ್ಯನ ಕೈಯಿಂದ ಕಾರು ಕಸಿಯಬಾರದು ಎಂದು ಕಾನೂನಾಗಿತ್ತು.

ಅದಕ್ಕೇ ವಿಮೆ ಕಂಪನಿ 'ಮೊದಲ ಮಾತು' ಎಂಬ ನಿಯಮ ತಂದಿತು. ಕಾಯಿಲೆ ಇದ್ದವರು ಚಕ್ರದ ಮೇಲೆ ಎರಡೂ ಕೈ ಇಟ್ಟು ತಮ್ಮ ಬಾಯಿಂದಲೇ ಅದನ್ನು ಹೇಳಬೇಕು. ತಾವೇ ಮೊದಲು ಹೇಳಿದರೆ ವಿಮೆ ಮುಂದುವರಿಯುತ್ತದೆ, ವೈದ್ಯರ ಒಪ್ಪಿಗೆ ಬಂದ ಮೇಲೆ ಕಾರು ಅವರ ಕಾಯಿಲೆಗೆ ಹೊಂದಿಕೊಂಡು ಓಡುತ್ತದೆ. ಚಕ್ರವೇ ಮೊದಲು ಕಂಡುಹಿಡಿದರೆ ಅದು ಮುಚ್ಚಿಟ್ಟ ಅಪರಾಧ. ಆ ಪಾಲಿಸಿಯಲ್ಲಿ ಹೆಸರಿರುವ ಯಾರೂ ಮೂರು ವರ್ಷ ಸ್ಟೇರಿಂಗ್ ಮುಟ್ಟುವಂತಿಲ್ಲ. ಇನ್ನೊಂದು ಮಾತು, ಒಬ್ಬರು ಹೇಳಿದ್ದು ಪಾಲಿಸಿಯಲ್ಲಿರುವ ಎಲ್ಲರ ಫೋನಿಗೂ ಹೋಗುತ್ತದೆ. ಒಂದೇ ಕಾರು ಓಡಿಸುವವರಿಗೆ ಒಬ್ಬರ ಸಂಗತಿ ಇನ್ನೊಬ್ಬರಿಗೆ ಗೊತ್ತಿರಬೇಕೆಂಬುದು ಕಂಪನಿಯ ವಾದ. ವಾದವೇನೋ ಸರಿಯೇ. ಆದರೆ ನಿಯಮ ಬರೆದ ಪುಣ್ಯಾತ್ಮರು ಅತ್ತೆ ಸೊಸೆ ಒಂದೇ ಪಾಲಿಸಿಯಲ್ಲಿರುವ ಮನೆಯನ್ನು ನೋಡಿರಲಿಕ್ಕಿಲ್ಲ.

ಕಂಪನಿ ಚಾಪೆ ಕೆಳಗೆ ತೂರಿದರೆ ನಮ್ಮ ಜನ ರಂಗೋಲಿ ಕೆಳಗೆ ತೂರುವವರು. ಬಿ.ಪಿ., ಶುಗರ್ ಇದ್ದವರು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟರು. ಡಾಕ್ಟರು ಬರೆದದ್ದು ಕಂಪನಿಗೆ ಕಾಣುತ್ತದೆಂಬ ಭಯ. ಅಷ್ಟರಲ್ಲಿ ಯಾರೋ ಒಂದು ಉಪಾಯ ಕಂಡುಕೊಂಡರು. ವಿಭೂತಿಯೋ ಕುಂಕುಮವೋ ತಂತಿಯ ಬಲೆಯ ಮೇಲೆ ಕೂತರೆ ಚಕ್ರದ ಕಿವಿ ಅರ್ಧ ಮಂದವಾಗುತ್ತದೆ. ಅಂದಿನಿಂದ ಊರಿನಲ್ಲಿ ದೈವಭಕ್ತಿ ಏಕಾಏಕಿ ಹೆಚ್ಚಿತು. ಭಕ್ತಿಗೆ ಅಡ್ಡಿ ಬಂದರೆ ಗಲಾಟೆಯಾದೀತೆಂದು ಕಂಪನಿಯೂ 'ಚಕ್ರ ಒರೆಸಿ' ಎಂದು ಆಗಾಗ ಸಂದೇಶ ಕಳಿಸಿ ಸುಮ್ಮನಾಗುತ್ತಿತ್ತು.

ಹುಬ್ಬಳ್ಳಿಯ ಹೊಸೂರಿನ ಒಂದು ಓಣಿಯಲ್ಲಿ ಮೆಣಸಿನಕಾಯಿಯವರ ಖಾನಾವಳಿ ಇದೆ. ಮೆಣಸಿನಕಾಯಿ ಅವರ ಅಡ್ಡಹೆಸರು. ಉಂಡವರು ಹೆಸರಿಗೆ ಮೋಸವಿಲ್ಲ ಎನ್ನುತ್ತಾರೆ. ಯಜಮಾನತಿ ರಶ್ಮಿ. ರಶ್ಮಿ ಎಂಬುದು ಅಜ್ಜಿಯರ ಹೆಸರಾಗಿರುವ ಕಾಲ ಇದು. ಗಂಡ ತೀರಿದ ಮೇಲೆ ಒಬ್ಬಳೇ ನಿಂತು ಖಾನಾವಳಿ ಉಳಿಸಿಕೊಂಡ ಹೆಂಗಸು, ಮಾತು ಖಡಕ್, ಮನಸ್ಸು ಅಷ್ಟೇನೂ ಖಡಕ್ ಅಲ್ಲ. ಮಗ ಸಮರ್ಥ ಅಡುಗೆಮನೆಯ ಒಡೆಯ. ಅವನ ಎಣ್ಣೆಗಾಯಿ ತಿನ್ನಲು ಧಾರವಾಡದಿಂದ ಜನ ಬರುತ್ತಾರೆ, ಆದರೆ ಕಾರನ್ನು ಸ್ವಲ್ಪ ಹಿಂದಕ್ಕೆ ತೆಗೆ ಎಂದರೆ ಸಾಕು ಬೆವರುತ್ತಾನೆ. ಹಾಗಾಗಿ ಬೆಳಗಿನ ಪೇಟೆ ರಶ್ಮಿಯದು, ಮಧ್ಯಾಹ್ನ ಊಟದ ಡಬ್ಬಿಗಳನ್ನು ಕಾರಿನಲ್ಲಿ ತುಂಬಿಕೊಂಡು ಊರಿನ ಕಚೇರಿಗಳಿಗೆ ಮುಟ್ಟಿಸುವುದು ಸೊಸೆ ಇಂಚರಾಳದು. ಈಗೀಗ ಖಾನಾವಳಿಗೆ ಬಂದು ಕೂತು ಉಣ್ಣುವವರು ಕಡಿಮೆ. ಡಬ್ಬಿಯೇ ಜೀವ. ಕಾರು ನಿಂತರೆ ಒಲೆ ನಿಂತಂತೆ.

ರಶ್ಮಿಗೆ ಒಂದು ವ್ರತವಿತ್ತು. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಆಕೆ ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. ಬೀಗರೇ ಸ್ಟೇಷನ್ನಿನಲ್ಲಿ ಕಾಯುತ್ತಿರಲಿ, ದೀಪ ಹಚ್ಚಿದೆ ಎಂದರೆ ಮುಗಿಯಿತು. ಓಣಿಯ ಹೆಂಗಸರು ಆಕೆಯ ನಿಷ್ಠೆಯನ್ನು ಹೊಗಳುತ್ತಿದ್ದರು. ಆಕೆ ಸೊಸೆಯ ನಿಷ್ಠೆಯನ್ನು ಹೊಗಳುತ್ತಿದ್ದಳು. ಯಾಕೆಂದರೆ ಇಂಚರಾ ಕೆಲವು ತಿಂಗಳಿಂದ ದಿನಾ ಬೆಳಿಗ್ಗೆ ಮಿಂದು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಸ್ಟೇರಿಂಗಿನ ಸುತ್ತ ಮೂರು ಬೆರಳಿನಲ್ಲಿ ಬಳಿಯುತ್ತಿದ್ದಳು.

ಇಂಚರಾಳ ಭಕ್ತಿಯ ಮೂಲ ಬೇರೆಯೇ ಇತ್ತು. ಬೈಲಹೊಂಗಲದ ತವರಿನಲ್ಲಿ, ಸಣ್ಣವಳಿದ್ದಾಗ ಅವಳಿಗೆ ಮೂರ್ಛೆ ಬರುತ್ತಿತ್ತು. ಗುಳಿಗೆ ತಿಂದು ತಿಂದು, ಕಾಲೇಜು ಸೇರುವ ಹೊತ್ತಿಗೆ ಪೂರ್ತಿ ವಾಸಿಯಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯಿದೆ. ಇಂಚರಾಳ ತಾಯಿ ಒಂದೇ ಸುಳ್ಳು ಹೇಳಿದ್ದಳು, ಅದೂ ಬಾಯಿಬಿಟ್ಟು ಹೇಳಿದ್ದಲ್ಲ. ಹೆಣ್ಣು ನೋಡಲು ಬಂದ ರಶ್ಮಿ, ಹುಡುಗಿಯ ಮೈ ಹೇಗಿದೆ ಎಂದು ಕೇಳಿದಾಗ ಆಕೆ ಅವಲಕ್ಕಿಯ ತಟ್ಟೆಯನ್ನು ಮುಂದಕ್ಕೆ ಸರಿಸಿದ್ದಳು, ಅಷ್ಟೇ.

ಈ ಬೇಸಿಗೆಯಲ್ಲಿ ಅದು ಮರಳಿ ಬಂತು. ಹಳೆಯ ರೀತಿಯಲ್ಲಲ್ಲ. ಬೀಳುವುದಿಲ್ಲ, ಒದ್ದಾಡುವುದಿಲ್ಲ, ಕಣ್ಣು ತೆರೆದೇ ಇರುತ್ತದೆ. ಒಂದೆರಡು ಉಸಿರಿನಷ್ಟು ಹೊತ್ತು ಅವಳು ಅಲ್ಲಿ ಇರುವುದಿಲ್ಲ, ಅಷ್ಟೇ. ಮೊದಲ ಸಲ ಹೀಗಾದಾಗ ಹಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು. ಎರಡನೆಯ ಸಲ ಕಾರಿನಲ್ಲಿದ್ದಳು. ಕೆಂಪು ದೀಪ ನೋಡಿದ ನೆನಪಿತ್ತು, ಹಸಿರಾದದ್ದರ ನೆನಪಿರಲಿಲ್ಲ, ಕಾರು ಮಾತ್ರ ಸಿಗ್ನಲ್ ದಾಟಿ ನಿಂತಿತ್ತು. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಹೇಳಿದರೆ ಅತ್ತೆಯ ಫೋನಿಗೆ ಹೋಗುತ್ತದೆ, ಮದುವೆಯ ದಿನದ ಸುಳ್ಳು ಹೊರಬೀಳುತ್ತದೆ. ಹೇಳದೆ ಚಕ್ರವೇ ಹಿಡಿದರೆ ಕಾರು ಮೂರು ವರ್ಷ ನಿಲ್ಲುತ್ತದೆ, ಖಾನಾವಳಿ ಮುಚ್ಚುತ್ತದೆ. ಬೆಳಿಗ್ಗೆ ಎದ್ದು ವಿಭೂತಿ ತೇಯ್ದಳು.

ಗೋಕುಲ ರಸ್ತೆಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಕಂಪನಿಯ ನಿಯಂತ್ರಣ ಕೊಠಡಿಯಿದೆ. ಅಲ್ಲಿ ಕೆಲಸ ಮಾಡುವವರು ಅದನ್ನು ಕೇಳುಮನೆ ಎನ್ನುತ್ತಾರೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಊರಿನ ನಕ್ಷೆ, ಓಡುವ ಪ್ರತಿ ಕಾರೂ ಒಂದು ಹಸಿರು ಚುಕ್ಕೆ. ಚಕ್ರಕ್ಕೆ ಏನಾದರೂ ಅಸಹಜವಾದದ್ದು ಕೇಳಿಸಿದರೆ ಚುಕ್ಕೆ ಕೆಂಪಾಗುತ್ತದೆ. ಕಾರು ಯಾರದೆಂದು ಅಲ್ಲಿ ಕಾಣುವುದಿಲ್ಲ. ಕೆಂಪು ನಿಜವೋ ಸುಳ್ಳೋ ಎಂದು ಮನುಷ್ಯರು ಕೂತು ತೀರ್ಮಾನಿಸಬೇಕು.

ನಾಡಿಚಕ್ರ ಬಂದ ಮೊದಲ ದಸರೆಯಲ್ಲಿ ಇಡೀ ಪರದೆ ಕೆಂಪಾಗಿತ್ತಂತೆ. ಖಂಡೇಪೂಜೆಯ, ಎಂದರೆ ಆಯುಧಪೂಜೆಯ ದಿನ ಊರಿಗೆ ಊರೇ ಕಾರು ತೊಳೆದು, ಸ್ಟೇರಿಂಗಿಗೆ ಅರಿಶಿನ ಕುಂಕುಮ ಮೆತ್ತಿ, ಚೆಂಡುಹೂ ಸುತ್ತಿತ್ತು. ಪುಡಿ ಮಿತಿಮೀರಿ ಗದ್ದಲವೇ ನಾಡಿಯಂತೆ ಕೇಳಿಸಿ, ಹುಬ್ಬಳ್ಳಿಗೆಲ್ಲ ಒಟ್ಟಿಗೆ ಹೃದಯಾಘಾತವಾಗಿದೆ ಎಂದು ಚಕ್ರಗಳು ಕೂಗಿಕೊಂಡವು. ದಿಕ್ಕುದಿಕ್ಕಿಗೆ ಆಂಬುಲೆನ್ಸ್ ಕಳಿಸಿದರು. ಹೋದಲ್ಲೆಲ್ಲ ಜನ ಕುಂಬಳಕಾಯಿ ಒಡೆಯುತ್ತಿದ್ದರು, ಬಂದ ಆಂಬುಲೆನ್ಸಿಗೂ ಕುಂಕುಮ ಹಚ್ಚಿ ಪೂಜೆ ಮಾಡಿ ಕಳಿಸಿದರು. ಮರುವರ್ಷದಿಂದ ಕಂಪನಿ ಒಂದು ಪದ್ಧತಿ ಮಾಡಿಕೊಂಡಿತು. ನವರಾತ್ರಿಯಲ್ಲಿ ಯಾವ ಚುಕ್ಕೆ ಕೆಂಪಾದರೂ ಅದನ್ನು 'ಕುಂಕುಮ ದೋಷ' ಎಂದು ಗುರುತಿಸಿ ಬಿಟ್ಟುಬಿಡುವುದು.

ಈ ಕುಂಕುಮ ದೋಷವನ್ನು ನಿವಾರಿಸುವ ಕೆಲಸ ಜುಬೇರ್ ನದಾಫನ ಹೆಗಲಿಗೆ ಬಿದ್ದಿತ್ತು. ಮಧ್ಯವಯಸ್ಸಿನ, ನಿಧಾನ ಸ್ವಭಾವದ ಮನುಷ್ಯ. ಪುಡಿಯ ಕೆಳಗಿನ ನಾಡಿಯನ್ನು ಕೇಳಿಸಿಕೊಳ್ಳುವುದನ್ನು ಯಂತ್ರಕ್ಕೆ ಕಲಿಸಬೇಕಿತ್ತು. ಅವನು ಹಿಡಿದ ದಾರಿ ಸರಳವಾಗಿತ್ತು. ಕುಂಕುಮಕ್ಕೆ ಲಯವಿಲ್ಲ, ಮೈಗೆ ಲಯವಿದೆ. ಗದ್ದಲದಲ್ಲಿ ಲಯವನ್ನು ಹುಡುಕುವುದಷ್ಟೇ ಕೆಲಸ. ಹೇಳಲು ಸುಲಭ, ಅದಕ್ಕೆ ಅವನ ಎರಡು ವರ್ಷ ಹೋಗಿದ್ದವು.

ಖಂಡೇಪೂಜೆಯ ಹಿಂದಿನ ದಿನ ಬೆಳಿಗ್ಗೆ ಇಂಚರಾ ಹೂ ತರಲು ದುರ್ಗದ ಬೈಲಿಗೆ ಹೊರಟಳು. ಶಾಲೆಗೆ ಆಗಷ್ಟೇ ದಸರೆಯ ರಜೆ ಬಿಟ್ಟಿತ್ತು, ಏಳು ವರ್ಷದ ಮಗಳು ಧಾತ್ರಿ ತಾನೂ ಬರುತ್ತೇನೆಂದು ಹಿಂದಿನ ಸೀಟಿನಲ್ಲಿ ಕೂತಳು. ರಸ್ತೆಯ ಎರಡೂ ಬದಿಗೆ ಚೆಂಡುಹೂವಿನ ರಾಶಿಗಳು. ಇಂಚರಾ ವೇಗ ಇಳಿಸಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಳು.

ಆಮೇಲೆ ಕಾರು ನಿಂತಿತ್ತು. ನಿಲ್ಲಿಸಿದ್ದು ಅವಳಲ್ಲ. ಮುಂದಿನ ಗಾಲಿ ಒಂದು ಹೂವಿನ ರಾಶಿಯನ್ನು ಹತ್ತಿ, ಅದರಾಚೆಯ ಕಲ್ಲಿಗೆ ತಾಗಿ ನಿಂತಿತ್ತು. ಜನ ಕೂಗುತ್ತಿದ್ದರು. ಆ ರಾಶಿಯ ಮುದುಕಿ ಅದೇ ತಾನೇ ಚಹಾ ಕುಡಿಯಲು ಎದ್ದು ಹೋಗಿದ್ದಳು. ಆಕೆ ಕೂರುತ್ತಿದ್ದ ಗೋಣಿತಟ್ಟು ಗಾಲಿಯ ಕೆಳಗಿತ್ತು.

ಮುದುಕಿ ಬಂದು ಬೈದಳು, ಇಂಚರಾ ಬೈಸಿಕೊಂಡಳು. ನಜ್ಜುಗುಜ್ಜಾದ ಹೂವನ್ನೆಲ್ಲ ಅವಳೇ ಕೊಂಡು ಕಾರಿಗೆ ತುಂಬಿದಳು. ಬಾಗಿಲು ಹಾಕಿ ಕೂತಾಗ ಹಿಂದಿನಿಂದ ಧಾತ್ರಿ ಕೇಳಿದಳು.

"ಮಮ್ಮಿ, ಮತ್ತ ಸ್ಟ್ಯಾಚು ಆಡಿದೇನ?"

"ಮತ್ತ ಅಂದ್ರ?"

"ಮೊನ್ನೆ ಸಾಲಿಗೆ ಹೋಗೂಮುಂದೂ ಆಡಿದ್ದೆಲ್ಲ. ನಾ ಓವರ್ ಅಂದೆ, ನೀ ಕೇಳಲೇ ಇಲ್ಲ."

ಇಂಚರಾಳಿಗೆ ಆ ಮೊನ್ನೆಯ ನೆನಪೇ ಇರಲಿಲ್ಲ. ಎಷ್ಟು ಸಲ ಮಗಳನ್ನು ಹಿಂದೆ ಕೂರಿಸಿಕೊಂಡು ತಾನು ಇಲ್ಲದೆ ಹೋಗಿದ್ದೇನೋ ಎಂದು ಎಣಿಸಲು ನೋಡಿದಳು, ಲೆಕ್ಕ ಸಿಗಲಿಲ್ಲ. ಮನೆಗೆ ಬಂದು, ಹಿಂದೆ ತೆಗೆಯುವಾಗ ರಾಶಿಗೆ ತಾಗಿತು ಎಂದು ಅತ್ತೆಗೆ ಸುಳ್ಳು ಹೇಳಿದಳು. ರಶ್ಮಿ ಬೈಯಲಿಲ್ಲ. ಜಜ್ಜಿದ್ದಾದರೂ ಹೂ ಹೂವೇ, ದೇವರು ಬೇಡ ಅನ್ನುವುದಿಲ್ಲ ಎಂದು ಮಾಲೆ ಕಟ್ಟಲು ಕೂತಳು. ಆ ಮಾತು ಇಂಚರಾಳಿಗೆ ಬೈಗಳಿಗಿಂತ ಹೆಚ್ಚು ಚುಚ್ಚಿತು. ಮಧ್ಯಾಹ್ನ ಮಗಳನ್ನು ಮನೆಯಲ್ಲೇ ಬಿಟ್ಟು, ಜೀವ ಕೈಯಲ್ಲಿ ಹಿಡಿದುಕೊಂಡು ಡಬ್ಬಿ ಹಂಚಲು ಹೋದಳು. ಎಷ್ಟೋ ಜನ ಹಸಿದು ಕಾಯುತ್ತಿದ್ದರು, ಇನ್ನಾರೂ ಇರಲಿಲ್ಲ.

ಆ ಹೊತ್ತಿಗೆ ಕೇಳುಮನೆಯಲ್ಲಿ ಜುಬೇರ್ ಬೆಳಗಿನ ಕುಂಕುಮ ದೋಷಗಳನ್ನು ತನ್ನ ಹೊಸ ವಿಧಾನದಲ್ಲಿ ಒಂದೊಂದಾಗಿ ಸೋಸುತ್ತಿದ್ದ. ದುರ್ಗದ ಬೈಲಿನ ಒಂದು ಚುಕ್ಕೆಯಲ್ಲಿ ಕೈ ತಡೆಯಿತು. ವಿಭೂತಿಯ ಗದ್ದಲದ ಕೆಳಗೆ ಬೆರಳುಗಳ ಒಂದು ಸಣ್ಣ ಮಿಡುಕು, ಸೆಕೆಂಡಿಗೆ ಮೂರರಂತೆ, ಗಡಿಯಾರದಷ್ಟು ಕ್ರಮವಾಗಿ. ಜೊತೆಗೆ ಕೈಯ ಬಿಗಿ ಸಡಿಲವಾಗಿ, ಸ್ವಲ್ಪ ಹೊತ್ತಿಗೆ ತಾನೇ ಮರಳಿತ್ತು. ಅದೇ ಕಾರಿನ ಹಿಂದಿನ ವಾರಗಳನ್ನು ತೆಗೆದು ನೋಡಿದ. ಅಲ್ಲಿಯೂ ಅದೇ ಮಿಡುಕು. ಇದು ಕುಂಕುಮವಲ್ಲ, ಕ್ಷಣಕಾಲ ಎಚ್ಚರ ತಪ್ಪಿಸುವ ಮೂರ್ಛೆ. ಎರಡು ವರ್ಷದ ದುಡಿಮೆ ಫಲ ಕೊಟ್ಟಿತ್ತು. ಖುಷಿಯಲ್ಲಿ ಒಬ್ಬನೇ ಮೇಜು ತಟ್ಟಿದ.

ಆ ಚುಕ್ಕೆ ಈಗ ಎಲ್ಲಿದೆ ಎಂದು ಪರದೆಯಲ್ಲಿ ಹುಡುಕಿದ. ಅದು ಆಮೆಯಂತೆ ಗೋಕುಲ ರಸ್ತೆಯಲ್ಲಿ ಬರುತ್ತಿತ್ತು. ಬಂದು ಬಂದು ಇದೇ ಕಟ್ಟಡದ ಕೆಳಗೆ ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಊಟದ ಡಬ್ಬಿ ಕಾಣಿಸಿತು. ಡಬ್ಬಿಯ ಮುಚ್ಚಳದ ಮೇಲೆ ಎಂದಿನಂತೆ ಬೆರಳಿನ ಬಿಳಿ ಗುರುತುಗಳಿದ್ದವು. ಇಷ್ಟು ದಿನ ಅವನು ಅದನ್ನು ರೊಟ್ಟಿಯ ಹಿಟ್ಟು ಎಂದುಕೊಂಡಿದ್ದ.

ಜುಬೇರ್ ಊಟ ಮಾಡಲಿಲ್ಲ. ಸಿಕ್ಕಿದ್ದನ್ನು ಚಾಲಕರಿಗೆ ಮುಂಚಿತವಾಗಿ ತಿಳಿಸಿದರೆ ಕೆಲಸ ಹೋಗುತ್ತದೆ, ಅದು ಕೇಳುಮನೆಯ ಮೊದಲ ನಿಯಮ. ಸುಮ್ಮನಿದ್ದರೆ ಈ ಹೆಂಗಸು ಇವತ್ತೋ ನಾಳೆಯೋ ಯಾರ ಮೇಲಾದರೂ ಕಾರು ಹತ್ತಿಸುತ್ತಾಳೆ. ನಿಯಮದಂತೆ ಬರೆದರೆ ಅವರ ಒಲೆ ಆರುತ್ತದೆ. ಆದರೆ ಕಂಪನಿಯ ಪದ್ಧತಿಯಂತೆ ನವರಾತ್ರಿಯ ಕೆಂಪೆಲ್ಲ ಕುಂಕುಮ ದೋಷವೇ. ಈ ಯೋಚನೆ ಬಂದದ್ದೇ ಅವನು ಸುಳ್ಳು ಹೇಳದೆ ಚುಕ್ಕೆಯ ಮುಂದೆ ಕುಂಕುಮ ದೋಷ ಎಂದು ಗುರುತು ಹಾಕಿ, ಮೆಟ್ಟಿಲಿಳಿದು ಕೆಳಗೆ ಓಡಿದ.

ಇಂಚರಾ ಕಾರಿನ ಬಾಗಿಲು ತೆರೆಯುತ್ತಿದ್ದಳು. ದಿನಾ ಡಬ್ಬಿ ತೆಗೆದುಕೊಂಡು ನಗುವ ಮನುಷ್ಯ ಇವತ್ತು ನಗದೆ ನಿಂತದ್ದು ನೋಡಿ ಉಪ್ಪು ಹೆಚ್ಚಾಗಿದೆಯೇ ಎಂದು ಕೇಳಿದಳು.

"ಅದಲ್ಲ ಅಕ್ಕಾರ. ನಮ್ಮ ಯಂತ್ರಕ್ಕ ಹೊಸಾ ಕಿವಿ ಕೂಡ್ರಸಾಕತ್ತೀವಿ. ಬನ್ನಿ ಹಬ್ಬದ ಮರುದಿನದಿಂದ ಅದಕ್ಕ ವಿಭೂತಿ ಒಳಗಿಂದೂ ಕೇಳಸ್ತೈತಿ. ಹಿಂದ ಆಗಿದ್ದನ್ನೂ ತಿರುವಿ ಕೇಳತೈತಿ."

ಇಂಚರಾ ಬಾಗಿಲನ್ನು ಹಿಡಿದುಕೊಂಡೇ ನಿಂತಳು. "ಇದನ್ನ ನನಗ್ಯಾಕ ಹೇಳ್ತೀರಿ?"

"ನಿಮ್ಮ ಕೈಯಾನ ರೊಟ್ಟಿ ತಿಂತೀನ್ರಿ, ಅದಕ್ಕ." ಅವನು ಕಾರಿನ ಕಡೆ ನೋಡಿದ. "ಇವತ್ತ ಇದನ್ನ ಇಲ್ಲೇ ಬಿಟ್ಟು ಹೋಗ್ರಿ. ಡಬ್ಬಿ ಬಸ್ಸಿನ್ಯಾಗ ಬಂದ್ರೂ ರುಚಿ ಕೆಡೂದಿಲ್ಲ."

ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಬಸ್ ಸ್ಟಾಪಿಗೆ ನಡೆದಳು. ಕಾರಿಗೆ ಏನೋ ಆಗಿದೆ ಎಂದು ಮನೆಯಲ್ಲಿ ಹೇಳಿದಳು. ಮರುದಿನದ ಪೂಜೆಗೆ ಕಾರು ಬೇಕೇ ಬೇಕಲ್ಲ, ಸಂಜೆ ಸಮರ್ಥನೇ ಹೋಗಿ ಅದನ್ನು ತಂದ. ಅಷ್ಟು ದೂರಕ್ಕೆ ಅವನ ಅಂಗಿ ಒದ್ದೆಯಾಗಿತ್ತು. ಅವನ ಕೈಯ ಬೆವರಿಗೆ ಚಕ್ರವೂ ಗಾಬರಿಯಾಗಿ ಕೆಂಪಾಗಿತ್ತಂತೆ, ಕುಂಕುಮದ ದಿನಗಳಾದ್ದರಿಂದ ಯಾರೂ ಗಮನಿಸಲಿಲ್ಲ.

ಖಂಡೇಪೂಜೆಯ ದಿನ ರಶ್ಮಿ ಕಾರಿಗೆ ಜಜ್ಜಿದ ಹೂವಿನ ಮಾಲೆ ಹಾಕಿ, ಆರತಿ ಎತ್ತಿ, ಗಾಲಿಗೆ ನಿಂಬೆಹಣ್ಣು ಇಟ್ಟಳು. ಸ್ಟೇರಿಂಗಿಗೆ ವಿಭೂತಿ ಹಚ್ಚುವುದು ಸೊಸೆಯ ಹಕ್ಕೆಂದು ಅವಳನ್ನೇ ಕರೆದಳು. ಎಲ್ಲರೆದುರು ಇಂಚರಾ ಹಚ್ಚಿದಳು. ಆಮೇಲೆ ಅಡುಗೆಮನೆಗೆ ಹೋಗಿ ಸಮರ್ಥನಿಗೆ ಹೇಳೋಣವೆಂದು ಅವನ ಬೆನ್ನ ಹಿಂದೆ ನಿಂತಳು. ಅವನು ಹೋಳಿಗೆ ಬೇಯಿಸುತ್ತ ಹಾಡಿಕೊಳ್ಳುತ್ತಿದ್ದ. ಒಂದು ಬಿಸಿ ಹೋಳಿಗೆ ಹಿಡಿದುಕೊಂಡು ಅವಳು ಹೊರಗೆ ಬಂದಳು.

ಮರುದಿನ ಬನ್ನಿ ಹಬ್ಬ. ನಮ್ಮ ಕಡೆ ಆ ಸಂಜೆ ಬನ್ನಿ ಎಲೆಯೇ ಬಂಗಾರ. ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ. ವರ್ಷದ ಸಿಟ್ಟು ಸೆಡವು ಅಲ್ಲಿಗೆ ಮುಗಿಯಿತು, ಇನ್ನು ಬಂಗಾರದಂತೆ ಇರೋಣ ಎಂದು ಹಿರಿಯರು ಹರಸುತ್ತಾರೆ. ವಿದ್ಯಾನಗರದ ಬಳಗಕ್ಕೆ ಬನ್ನಿ ಕೊಟ್ಟು ದೀಪ ಹಚ್ಚುವ ಮೊದಲೇ ಬಂದುಬಿಡೋಣ ಎಂದು ರಶ್ಮಿ ಎಲೆಯ ಚೀಲ ಹಿಡಿದು ಕಾರಿನಲ್ಲಿ ಕೂತಳು. ಸಮರ್ಥ ಒಲೆಯ ಮುಂದೆ, ಧಾತ್ರಿ ಓಣಿಯ ಮಕ್ಕಳ ಜೊತೆ. ಕಾರಿನಲ್ಲಿ ಇಬ್ಬರೇ.

ಇಂಚರಾ ಸೀಟಿನ ಕೆಳಗಿಂದ ಒದ್ದೆ ಬಟ್ಟೆ ತೆಗೆದು ಸ್ಟೇರಿಂಗ್ ಒರೆಸತೊಡಗಿದಳು. ನಿನ್ನೆಯ ಪೂಜೆಯನ್ನು ಇವತ್ತೇ ಅಳಿಸುತ್ತಾರೆಯೇ ಎಂದು ಅತ್ತೆ ಕೇಳಿದರೂ ನಿಲ್ಲಿಸಲಿಲ್ಲ. ಬಿಳಿ, ಅರಿಶಿನ, ಕೆಂಪು ಎಲ್ಲ ಬಟ್ಟೆಗೆ ಬಂದು ಕಪ್ಪು ಹೊದಿಕೆ ಕಾಣುವತನಕ ಒರೆಸಿದಳು. ಎರಡೂ ಕೈ ಅದರ ಮೇಲಿಟ್ಟಳು.

"ನಾನು ಇಂಚರಾ ಸಮರ್ಥ ಮೆಣಸಿನಕಾಯಿ. ಮೊದಲ ಮಾತು ಹೇಳಾಕತ್ತೀನಿ. ಸಣ್ಣಾಕಿದ್ದಾಗ ನನಗ ಮೂರ್ಛೆ ಬರ್ತಿತ್ತು. ಈ ಬ್ಯಾಸಗಿಯಿಂದ ಮತ್ತ ಬರಾಕತ್ತೈತಿ. ಗಾಡಿ ಹೊಡಿಯೂಮುಂದ ನಡನಡುವ ನನಗ ಖಬರ ಇರೂದಿಲ್ಲ."

ಚಕ್ರ ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟಿತು. "ಘೋಷಣೆಯನ್ನು ಸ್ವೀಕರಿಸಲಾಗಿದೆ. ವೈದ್ಯರ ಒಪ್ಪಿಗೆ ದೊರೆಯುವವರೆಗೆ ತಾವು ಈ ವಾಹನವನ್ನು ಚಲಾಯಿಸುವಂತಿಲ್ಲ. ತಮ್ಮ ಮೊದಲ ಮಾತಿಗೆ ಧನ್ಯವಾದಗಳು."

ರಶ್ಮಿಯ ಮಡಿಲಿನಲ್ಲಿದ್ದ ಫೋನು ಸದ್ದು ಮಾಡಿತು. ಆಕೆ ಅದನ್ನು ನೋಡಲಿಲ್ಲ. ಎಲೆಯ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿಮ್ಮವ್ವಗ ಗೊತ್ತಿತ್ತು?"

"ಗೊತ್ತಿತ್ರಿ."

"ನನ್ನ ಮೊಮ್ಮಗಳು ಹಿಂದ ಕುಂತಿರ್ತಾಳ. ಅದರ ನೆಪ್ಪರೆ ಇರಲಿಲ್ಲೇನ ನಿನಗ?"

"ಅದರ ನೆಪ್ಪಾಗೇ ಇವತ್ತ ಹೇಳೀನ್ರಿ ಅತ್ತಿ." ಇಂಚರಾ ದುರ್ಗದ ಬೈಲಿನಲ್ಲಿ ನಡೆದದ್ದನ್ನೂ ಗೋಣಿತಟ್ಟನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಹೇಳುತ್ತ ಹೇಳುತ್ತ ಅಳು ಬಂತು, ಅತ್ತಳು.

ರಶ್ಮಿಗೆ ಸಿಟ್ಟು ಬಂದಿತ್ತು. ಆದರೆ ಅದು ಇಂಚರಾ ಹೆದರಿದ್ದ ಜಾಗದಿಂದ ಬರಲಿಲ್ಲ. "ಮೂರ್ಛೆ ಮುಚ್ಚಿಟ್ಟಿದ್ದು ಇರಲಿ. ಹೆಣ್ಣ ಹೆತ್ತಾಕಿ ಮುಚ್ಚತಾಳ, ನಾ ಹೆತ್ತಿದ್ರ ನಾನೂ ಮುಚ್ಚತಿದ್ನೇನೋ. ಆದ್ರ ದೇವರ ವಿಭೂತಿ ತಗೊಂಡು ಸುಳ್ಳಿಗೆ ಬಳದೆಲ್ಲ, ಅದನ್ನ ಹೆಂಗ ತಡಕೊಳ್ಳಲಿ? ನನ್ನ ಸೊಸಿ ಭಕ್ತಿ ನೋಡ್ರಿ ಅಂತ ಓಣಿ ತುಂಬ ಹೇಳ್ಕೊಂಡು ತಿರುಗೀನಿ."

ಅಷ್ಟರಲ್ಲಿ ಸಮರ್ಥ ಹೊರಗೆ ಬಂದ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮೊಣಕೈತನಕ ಹಿಟ್ಟು. ಕಾರಿನ ಕಿಟಕಿಗೆ ಬಗ್ಗಿ ಹೆಂಡತಿಯ ಮುಖ ನೋಡಿದ.

"ಗುಳಿಗಿ ತಗೋತೀಯೇನ?"

ಇಲ್ಲ, ಡಾಕ್ಟರ ಕಡೆಗೇ ಹೋಗಿಲ್ಲ ಎಂದು ಅವಳು ತಲೆಯಾಡಿಸಿದಳು. ನಾಳೆ ಬೆಳಿಗ್ಗೆ ಹೋಗೋಣ, ಡಬ್ಬಿ ತಾನೇ ಒಯ್ಯುತ್ತೇನೆ ಎಂದು ಹೇಳುವಾಗಲೇ ಅವನ ಹಣೆಯಲ್ಲಿ ಬೆವರು ಮೂಡಿತು. ಒಳಗಿಂದ ಒಗ್ಗರಣೆ ಸೀಯುವ ವಾಸನೆ ಬಂದದ್ದೇ ಓಡಿಹೋದ.

ಓಣಿಯಲ್ಲಿ ಹೊತ್ತು ಇಳಿಯುತ್ತಿತ್ತು. ಎದುರುಮನೆಯವರು ದೀಪ ಹಚ್ಚಿದರು. ರಶ್ಮಿ ಆ ದೀಪವನ್ನು ನೋಡುತ್ತ ಕೂತಿದ್ದಳು, ತಲೆಯನ್ನು ಯಾವಾಗಿನಂತೆ ಸ್ವಲ್ಪ ಎಡಕ್ಕೆ ತಿರುಗಿಸಿ. ಆಕೆಯ ಮುಖದಲ್ಲಿ ಸಿಟ್ಟು ನಿಧಾನವಾಗಿ ಕರಗಿ ಬೇರೇನೋ ಬಂತು. ಸೊಸೆಗೆ ಕೆಳಗಿಳಿ ಎಂದಳು. ಇಂಚರಾ ಇಳಿದಳು. ಅತ್ತೆ ತನ್ನನ್ನು ಇಲ್ಲೇ ಬಿಟ್ಟು ಬಳಗದ ಮನೆಗೆ ಹೊರಟಳು ಎಂದುಕೊಂಡಳು. ರಶ್ಮಿ ಸುತ್ತು ಬಂದು ಚಾಲಕರ ಸೀಟಿನಲ್ಲಿ ಕೂತು, ಒರೆಸಿದ ಚಕ್ರದ ಮೇಲೆ ಎರಡೂ ಕೈ ಇಟ್ಟಳು.

"ನಾನು ರಶ್ಮಿ ಮೆಣಸಿನಕಾಯಿ. ನಂದೂ ಮೊದಲ ಮಾತು ಬರ್ಕೋ. ನನ್ನ ಎಡಗಣ್ಣು ಕಾಣೂದಿಲ್ಲ. ಕತ್ತಲಾದ್ರ ಬಲಗಣ್ಣೂ ಅಷ್ಟಕ್ಕಷ್ಟ."

ಚಕ್ರ ಈ ಸಲ ಸ್ವಲ್ಪ ತಡೆಯಿತು. "ಈ ಸ್ಥಿತಿಯನ್ನು ಚಕ್ರವು ಕೈಗಳಿಂದ ತಿಳಿಯಲಾರದು. ಆದರೂ ಘೋಷಿಸಲು ಬಯಸುತ್ತೀರಾ?"

ಅದು ನಿಜ. ನಾಡಿಚಕ್ರಕ್ಕೆ ಇರುವುದು ಕಿವಿ, ಕಣ್ಣಲ್ಲ. ರಶ್ಮಿ ಬಾಯಿಬಿಡದಿದ್ದರೆ ಯಾವ ಹೊಸ ಕಿವಿಯೂ ಅದನ್ನು ಎಂದಿಗೂ ಹಿಡಿಯುತ್ತಿರಲಿಲ್ಲ.

"ಬಯಸ್ತೀನಿ," ಎಂದಳು ರಶ್ಮಿ.

ಇಂಚರಾ ತೆರೆದ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಫೋನು ಸದ್ದು ಮಾಡಿತು, ಒಳಗೆ ಸಮರ್ಥನದೂ. "ಅತ್ತಿ, ಹಂಗಾದ್ರ ಆ ದೀಪದ ವ್ರತ?"

"ನಿನ್ನ ವಿಭೂತಿ ಇತ್ತಲ್ಲ, ಹಂಗ ಅದೂ."

ಗೋಕುಲ ರಸ್ತೆಯ ಕೇಳುಮನೆಯಲ್ಲಿ ಹಬ್ಬದ ಪಾಳಿ ಜುಬೇರನದೇ ಇತ್ತು. ಹೊಸೂರಿನ ಒಂದು ನಿಂತ ಕಾರಿನಿಂದ ಒಂದರ ಹಿಂದೆ ಒಂದು ಎರಡು ಮೊದಲ ಮಾತು ಬಂದವು. ಒಂದಕ್ಕೆ ಅವನು ಕಾದಿದ್ದ. ಇನ್ನೊಂದು ಯಾರದೆಂದು ಅವನಿಗೆ ತಿಳಿಯಲಿಲ್ಲ. ಮರುದಿನ ಹೊಸ ಕಿವಿ ಹಳೆಯದನ್ನೆಲ್ಲ ತಿರುವಿ ಕೇಳಿದಾಗ ಈ ಕಾರಿನ ಮುಂದೆ, ತಾವೇ ಮೊದಲು ಹೇಳಿದ್ದಾರೆ ಎಂದು ಬರುತ್ತದೆ, ಅಷ್ಟೇ. ಅವನು ಮೊನ್ನೆಯ ಡಬ್ಬಿಯನ್ನು ತೊಳೆದು ಮೇಜಿನ ಮೇಲೆ ಇಟ್ಟುಕೊಂಡಿದ್ದ. ಅದನ್ನು ಚೀಲಕ್ಕೆ ಹಾಕಿ ಹಸಿವಾಯಿತೆಂದು ಎದ್ದ.

ವೈದ್ಯರ ಒಪ್ಪಿಗೆ ಬರುವತನಕ ಕಾರು ಇಬ್ಬರ ಕೈಗೂ ಬರಲೊಲ್ಲೆ ಎಂದಿತ್ತು. ವಿದ್ಯಾನಗರ ಇವತ್ತು ಆಗದ ಮಾತು, ಓಣಿಯ ನಾಲ್ಕು ಮನೆಗಾದರೂ ಬನ್ನಿ ಕೊಟ್ಟು ಬರೋಣ ಎಂದು ರಶ್ಮಿ ಇಳಿದು ಕಾರಿಗೆ ಬೀಗ ಹಾಕಿದಳು. ಇಂಚರಾ ಪದ್ಧತಿಯಂತೆ ಮೊದಲು ಅತ್ತೆಗೇ ಕೊಡಬೇಕೆಂದು ಚೀಲಕ್ಕೆ ಕೈ ಹಾಕಿದಳು. ಕೊಡುವ ಧೈರ್ಯ ಬರಲಿಲ್ಲ, ಎಲೆ ಬೆರಳಲ್ಲೇ ಉಳಿಯಿತು.

ಕಿರಿಯರು ಕೊಡುವ ಮೊದಲು ಹಿರಿಯರು ಬನ್ನಿ ಕೊಟ್ಟದ್ದನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ರಶ್ಮಿ ಚೀಲದಿಂದ ಒಂದು ಎಸಳು ಮುರಿದು ಸೊಸೆಯ ಅಂಗೈ ಬಿಡಿಸಿ ಇಟ್ಟಳು. ಆ ಅಂಗೈಯಲ್ಲಿ ಇನ್ನೂ ಅಷ್ಟಿಷ್ಟು ವಿಭೂತಿ ಉಳಿದಿತ್ತು.

"ತಗೋ. ಇನ್ನ ಮ್ಯಾಲ ಬಂಗಾರದಂಗ ಇರೂಣು."

ಇಂಚರಾ ಬಗ್ಗಿ ಕಾಲು ಮುಟ್ಟಿದಳು. ಬೀದಿದೀಪ ಇನ್ನೂ ಹತ್ತಿರಲಿಲ್ಲ, ಓಣಿ ಮಬ್ಬಾಗಿತ್ತು. ರಶ್ಮಿ ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ನಡುವೆ ಖಬರ ತಪ್ಪಿದರೆ ಎಂದು. ಇಂಚರಾ ಆ ಕೈಯನ್ನು ಬಿಡಿಸಿಕೊಂಡು, ಸುತ್ತಿ ಬಂದು, ಅತ್ತೆಯ ಎಡಗಡೆಗೆ ನಿಂತು ತೋಳು ಕೊಟ್ಟಳು.